ಬ್ರೇಕ್ ಲೈಟ್ ದೋಷ ಪತ್ತೆ

ಚಾಲಕ ಬ್ರೇಕ್ ಪೆಡಲ್ ತುಳಿದೊಡನೆ ಕಾರಿನ ಹಿಂಬದಿಯಲ್ಲಿ ಹೊತ್ತಿಕೊಳ್ಳುವ ಕೆಂಪು ದೀಪವೇ ಬ್ರೇಕ್ ಲೈಟ್. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುವುದರಿಂದ, ಈ ಸೂಚನೆ ತಪ್ಪಿದರೆ ಹಿಂದಿನ ವಾಹನ ಬಂದು ಗುದ್ದುವ ಅಪಾಯವಿದೆ. ದೀಪ ಕೆಟ್ಟರೂ ಬ್ರೇಕ್ ಎಂದಿನಂತೆ ಹಿಡಿಯುವುದರಿಂದ ಅನೇಕ ಕಾರುಗಳಲ್ಲಿ ದೋಷ ಚಾಲಕನ ಅರಿವಿಗೇ ಬರುವುದಿಲ್ಲ. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಈ ದೀಪವನ್ನು ಕಡ್ಡಾಯಗೊಳಿಸಿವೆ. ಹಿಂಗಾಜಿನ ಬಳಿ ಇರುವ ಮೂರನೆಯ ಬ್ರೇಕ್ ಲೈಟನ್ನು ಅಮೆರಿಕ 1986ರ ಮಾದರಿಯ ಕಾರುಗಳಿಂದ ಕಡ್ಡಾಯ ಮಾಡಿತು.

ವಿದ್ಯುತ್ತಿನ ದಾರಿ

ವಿದ್ಯುತ್ತು ಬ್ಯಾಟರಿಯಿಂದ ಹೊರಟು ಫ್ಯೂಸ್ ಮೂಲಕ ಪೆಡಲಿನ ಮೇಲ್ಭಾಗದಲ್ಲಿರುವ ಸ್ವಿಚ್‌ಗೆ ಬರುತ್ತದೆ. ಪೆಡಲ್ ಕೆಳಗಿಳಿದಾಗ ಸ್ವಿಚ್ ಕೂಡಿಕೊಂಡು ಬಲ್ಬ್‌ಗೆ ವಿದ್ಯುತ್ತು ಹರಿಯುತ್ತದೆ; ಅಲ್ಲಿಂದ ಅರ್ಥ್ ವೈರ್ ಮತ್ತು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಬ್ರೇಕ್ ಆಯಿಲ್‌ನ ಒತ್ತಡಕ್ಕೆ ಸ್ಪಂದಿಸುವ ಸ್ವಿಚ್ ಇರುತ್ತದೆ. ಹೊಸ ಕಾರುಗಳಲ್ಲಿ ಸ್ವಿಚ್‌ನ ಸಂಕೇತ ಮೊದಲು ಕಂಪ್ಯೂಟರ್ ಘಟಕಕ್ಕೆ ಹೋಗುವುದೂ ಉಂಟು.

ಲಕ್ಷಣದಿಂದ ಕಾರಣದ ಕಡೆಗೆ

ಯಾವ ದೀಪ ಹೊತ್ತುತ್ತಿಲ್ಲ ಎಂಬುದನ್ನು ಮೊದಲು ಗಮನಿಸಿದರೆ ಅರ್ಧ ಹುಡುಕಾಟ ತಪ್ಪುತ್ತದೆ. ಒಂದೇ ಬದಿಯ ದೀಪ ಆರಿದ್ದರೆ ಬಲ್ಬ್, ಹೋಲ್ಡರ್ ಅಥವಾ ಆ ಬದಿಯ ವೈರ್ ಕಾರಣವಾಗಿರಬಹುದು. ಬ್ರೇಕ್ ಮತ್ತು ಟೇಲ್ ಲೈಟ್ ಎರಡಕ್ಕೂ ಒಂದೇ ಬಲ್ಬ್ ಇರುವ ಕಾರುಗಳಲ್ಲಿ ಅದರೊಳಗೆ 21 ಮತ್ತು 5 ವ್ಯಾಟ್‌ನ ಎರಡು ತಂತಿಗಳಿರುತ್ತವೆ. ಹಾಗಾಗಿ ಟೇಲ್ ಲೈಟ್ ಉರಿಯುತ್ತಿದ್ದ ಮಾತ್ರಕ್ಕೆ ಬಲ್ಬ್ ಸರಿಯಿದೆ ಎನ್ನಲಾಗದು. ಗಾಜು ಕಪ್ಪಾಗಿದ್ದರೆ ಅಥವಾ ತಂತಿ ತುಂಡಾಗಿದ್ದರೆ ಅದೇ ನಮೂನೆಯ ಬಲ್ಬ್ ಹಾಕಬೇಕು. ಹೊಸ ಬಲ್ಬ್ ಕೂಡ ಹೊತ್ತದಿದ್ದರೆ ಹೋಲ್ಡರ್‌ನಲ್ಲಿ ಕಿಲುಬು ಹಿಡಿದಿದೆಯೇ, ಪ್ಲಾಸ್ಟಿಕ್ ಕರಗಿದೆಯೇ ನೋಡಬೇಕು. ಡಿಕ್ಕಿಯ ಬಾಗಿಲ ಬಳಿ ಮತ್ತೆಮತ್ತೆ ಮಡಚಿ ವೈರ್ ತುಂಡಾದರೆ ಅದರ ಮೇಲಿನ ಮೂರನೆಯ ದೀಪ ಆರುತ್ತದೆ.

ಎಲ್ಲ ದೀಪಗಳೂ ಒಟ್ಟಿಗೆ ಆರಿದ್ದರೆ ಫ್ಯೂಸ್ ಅಥವಾ ಸ್ವಿಚ್ ಕಡೆ ನೋಡಬೇಕು. ಬದಲಿಸಿದ ಫ್ಯೂಸ್ ಮತ್ತೆ ಸುಟ್ಟರೆ ಎಲ್ಲೋ ವೈರ್ ಉಜ್ಜಿ ಶಾರ್ಟ್ ಆಗಿದೆ ಎಂದರ್ಥ. ಆಗ ಹೆಚ್ಚು ಆಂಪಿಯರ್‌ನ ಫ್ಯೂಸ್ ಹಾಕಕೂಡದು. ವೈರ್ ಕಾದು ಬೆಂಕಿ ಹೊತ್ತಬಹುದು. ಆಟೊಮ್ಯಾಟಿಕ್ ಕಾರಿನ ಗೇರ್ ಪಾರ್ಕ್ ಸ್ಥಾನದಿಂದ ಕದಲದಿರುವುದು, ಬಟನ್ ಒತ್ತಿದರೂ ಎಂಜಿನ್ ಶುರುವಾಗದಿರುವುದು ಇವೂ ಜೊತೆಗೆ ಕಂಡರೆ ಸ್ವಿಚ್ ಮೇಲೆ ಅನುಮಾನ ಬಲವಾಗುತ್ತದೆ.

ಬ್ರೇಕ್ ತುಳಿದಾಗ ದೀಪ ಮಂಕಾಗಿ ಉರಿದರೆ, ಅಥವಾ ಅದೇ ಬದಿಯ ಬೇರೆ ದೀಪಗಳೂ ಮಿನುಗಿದರೆ ಅರ್ಥ್ ಸಡಿಲವಾಗಿರುವ ಸಂಭವ ಹೆಚ್ಚು.

ಪರೀಕ್ಷೆಯ ಕ್ರಮ

ಇಗ್ನಿಷನ್ ಆನ್ ಮಾಡಿ ಒಬ್ಬರು ಪೆಡಲ್ ತುಳಿದಿರಬೇಕು. ಇನ್ನೊಬ್ಬರು ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರ್ ಹಿಡಿದು ಪರೀಕ್ಷಿಸಬೇಕು. ಸಾಮಾನ್ಯ ಸ್ವಿಚ್‌ನ ಒಂದು ವೈರ್‌ನಲ್ಲಿ ಸುಮಾರು 12 ವೋಲ್ಟ್ ಬರುತ್ತಿದ್ದು, ಪೆಡಲ್ ತುಳಿದಾಗಲೂ ಇನ್ನೊಂದರಲ್ಲಿ ಬಾರದಿದ್ದರೆ ಸ್ವಿಚ್ ಕೆಟ್ಟಿದೆ ಅಥವಾ ಅದರ ಹೊಂದಿಕೆ ತಪ್ಪಿದೆ. ಎರಡರಲ್ಲೂ ಬಾರದಿದ್ದರೆ ದೋಷ ಫ್ಯೂಸ್ ಕಡೆಗಿದೆ. ಬಲ್ಬ್ ಹೋಲ್ಡರ್‌ವರೆಗೆ 12 ವೋಲ್ಟ್ ತಲುಪಿಯೂ ಒಳ್ಳೆಯ ಬಲ್ಬ್ ಉರಿಯದಿದ್ದರೆ ಹೋಲ್ಡರ್ ಮತ್ತು ಅರ್ಥ್ ಪರೀಕ್ಷಿಸಬೇಕು. ಎಲ್‌ಇಡಿ ದೀಪಗಳಲ್ಲಿ ಬಿಡಿ ಬಲ್ಬ್ ಇಲ್ಲದಿರುವುದರಿಂದ ಹಲವು ಬಾರಿ ಇಡೀ ದೀಪವನ್ನೇ ಬದಲಿಸಬೇಕಾಗುತ್ತದೆ. ಕಂಪ್ಯೂಟರ್ ನಿಯಂತ್ರಿಸುವ ಕಾರುಗಳಿಗೆ ಸ್ಕ್ಯಾನರ್ ಬೇಕು.

ಮುನ್ನೆಚ್ಚರಿಕೆ

ಕತ್ತಲಲ್ಲಿ ಕಾರಿನ ಹಿಂಭಾಗವನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಬ್ರೇಕ್ ತುಳಿದರೆ ಎರಡೂ ಬದಿಯ ಕೆಂಪು ಬೆಳಕನ್ನು ಕನ್ನಡಿಗಳಲ್ಲೇ ನೋಡಬಹುದು. ದೂರ ಪ್ರಯಾಣಕ್ಕೆ ಮುಂಚೆ ಇದನ್ನು ತಪ್ಪದೆ ಮಾಡಬೇಕು. ಮೂರೂ ದೀಪ ಆರಿರುವ ಕಾರನ್ನು ದುರಸ್ತಿಯಾಗುವವರೆಗೆ ರಸ್ತೆಗಿಳಿಸಬಾರದು.