ಹೊತ್ತಿಕೊಳ್ಳದ ಎಂಜಿನ್: ದೋಣಿಯ ಹೊರಯಂತ್ರದ ಚರಿತ್ರೆ

ದೋಣಿಯ ಹಿಂಬದಿಯ ಹಲಗೆಗೆ ಹೊರಗಡೆಯಿಂದ ತಿರುಪು ಹಾಕಿ ಬಿಗಿಯುವ, ತಲೆಯಲ್ಲಿ ಎಂಜಿನ್ನೂ ನೀರಿಗಿಳಿದ ತುದಿಯಲ್ಲಿ ಪ್ರೊಪೆಲ್ಲರೂ ಇರುವ, ಕೆಲಸ ಮುಗಿದ ಮೇಲೆ ಕಳಚಿ ಹೆಗಲ ಮೇಲೆ ಹೊತ್ತೊಯ್ಯಬಹುದಾದ ಯಂತ್ರವನ್ನು ಔಟ್‌ಬೋರ್ಡ್ ಎಂಜಿನ್ ಎನ್ನುತ್ತಾರೆ. ಇದರ ಚರಿತ್ರೆಯನ್ನು ಅಶ್ವಶಕ್ತಿ ಮತ್ತು ವೇಗ ಏರುತ್ತ ಹೋದ ಕಥೆಯಾಗಿ ಬರೆಯುವುದು ವಾಡಿಕೆ. ಆದರೆ ಯಂತ್ರದ ಒಳಗಿನ ಒಂದೊಂದು ಭಾಗವೂ ಯಾಕೆ ಹಾಗಿದೆ ಎಂದು ಕೇಳುತ್ತ ಹೋದರೆ, ಹಗ್ಗ ಎಳೆದು ಎಳೆದು ಸೋತವರ ಬೇಸರವೇ ಅದಕ್ಕೆ ರೂಪ ಕೊಟ್ಟಿದೆ ಎಂಬುದು ಕಾಣುತ್ತದೆ. ಹಳೆಯ ಎಂಜಿನ್ ರಿಪೇರಿಗೆ ಬಂದಾಗ ಮೆಕ್ಯಾನಿಕ್ ಮೊದಲು ಕಿಡಿ ಬರುತ್ತದೆಯೇ, ಆಮೇಲೆ ಇಂಧನ ಇಳಿಯುತ್ತದೆಯೇ, ಕೊನೆಗೆ ಸಿಲಿಂಡರಿನಲ್ಲಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡುತ್ತಾನಲ್ಲ, ಆ ಕ್ರಮದ ಹಿಂದೆ ನೂರು ವರ್ಷಕ್ಕೂ ಮೀರಿದ ಅನುಭವವಿದೆ.

ಕಳಚಿ ಇಡಬಹುದಾದ ದೋಣಿಯಂತ್ರದ ಕಲ್ಪನೆ ಪೆಟ್ರೋಲಿಗಿಂತ ಮೊದಲಿನದು. ಫ್ರಾನ್ಸಿನ ಗುಸ್ತಾವ್ ತ್ರೂವೆ 1881ರಲ್ಲಿ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ವಿದ್ಯುತ್ತಿನಿಂದ ನಡೆಯುವ, ಚುಕ್ಕಾಣಿಗೇ ಪ್ರೊಪೆಲ್ಲರ್ ಜೋಡಿಸಿದ ಯಂತ್ರವನ್ನು ಓಡಿಸಿ ತೋರಿಸಿದ್ದ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕ್ಯಾಮೆರಾನ್ ವಾಟರ್‌ಮನ್ 1905ರಲ್ಲಿ ಪೆಟ್ರೋಲ್ ಎಂಜಿನ್ನನ್ನು ದೋಣಿಗೆ ಕಟ್ಟಿ ಪರೀಕ್ಷಿಸಿದ. ಆದರೂ ಈ ಯಂತ್ರವನ್ನು ಜನರ ಕೈಗೆ ಮುಟ್ಟಿಸಿದವನು ಓಲೆ ಎವಿನ್‌ರೂಡ್. 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಐದು ವರ್ಷದ ಮಗುವಾಗಿದ್ದಾಗ ವಿಸ್ಕಾನ್ಸಿನ್‌ಗೆ ಬಂದ ಈತ ಮಿಲ್ವಾಕಿ ನಗರದಲ್ಲಿ 1909ರಿಂದ ಮಾರಾಟಕ್ಕಿಟ್ಟ ಒಂಟಿ ಸಿಲಿಂಡರಿನ ಎಂಜಿನ್ ಒಂದೂವರೆ ಅಶ್ವಶಕ್ತಿಯದು, 62 ಪೌಂಡ್ ಎಂದರೆ ಸುಮಾರು 28 ಕಿಲೋ ತೂಕದ್ದು. ಮುಂದೆ ಮಡದಿಯಾದ ಬೆಸ್‌ಗೆ ಐಸ್‌ಕ್ರೀಮ್ ತರಲು ಬಿಸಿಲಿನಲ್ಲಿ ಸರೋವರದ ಆಚೆಗೆ ಹುಟ್ಟು ಹಾಕಿ ದಣಿದಾಗ ಇದರ ಯೋಚನೆ ಹೊಳೆಯಿತೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಜಾಹೀರಾತಿಗೆ ಇಷ್ಟು ಒಗ್ಗುವ ಕಥೆಯನ್ನು ಚರಿತ್ರೆಕಾರ ಸ್ವಲ್ಪ ದೂರದಲ್ಲಿಟ್ಟೇ ಓದಬೇಕಾಗುತ್ತದೆ.

ಆ ಮೊದಲ ಎಂಜಿನ್ನುಗಳಿಗೆ ಹಗ್ಗವಿರಲಿಲ್ಲ. ಎಂಜಿನ್ನಿನ ನೆತ್ತಿಯ ಮೇಲೆ ಅಡ್ಡಲಾಗಿ ಕೂತ ಭಾರದ ಚಕ್ರ, ಅಂದರೆ ಫ್ಲೈವೀಲ್, ಅದರ ಅಂಚಿನಲ್ಲೊಂದು ಹಿಡಿಗುಬ್ಬಿ. ಅದನ್ನು ಹಿಡಿದು ಸಿಲಿಂಡರಿನ ಒತ್ತಡಕ್ಕೆ ಎದುರಾಗಿ ಅತ್ತಿತ್ತ ತೂಗಿ ಒಮ್ಮೆಗೇ ತಿರುಗಿಸಿಬಿಡಬೇಕು. ಕಿಡಿ ಹೊತ್ತಿಗೆ ಮುಂಚೆಯೇ ಬಿದ್ದರೆ ಚಕ್ರ ಹಿಂದಕ್ಕೆ ಒದೆಯುತ್ತಿತ್ತು, ಸರಿಯಾಗಿ ಹೊತ್ತಿಕೊಂಡರೆ ಅದೇ ಗುಬ್ಬಿ ಕಣ್ಣಿಗೆ ಕಾಣದಷ್ಟು ವೇಗವಾಗಿ ಸುತ್ತತೊಡಗಿ ಕೈ ಹಿಂದೆಗೆಯಲು ತಡವಾದವನ ಬೆರಳ ಗೆಣ್ಣುಗಳನ್ನು ಜಜ್ಜುತ್ತಿತ್ತು. ಹೊತ್ತಿದರೂ ಪೆಟ್ಟು, ಹೊತ್ತದಿದ್ದರೂ ಪೆಟ್ಟು. ಕಿಡಿಗೆ ಬೇಕಾದ ವಿದ್ಯುತ್ತು ದೋಣಿಯಲ್ಲೇ ಇಟ್ಟ ಬ್ಯಾಟರಿಯಿಂದ ಬರುತ್ತಿದ್ದುದರಿಂದ, ಅಲೆ ಹಾರಿ ಬ್ಯಾಟರಿ ನೆನೆದರೆ ಅಥವಾ ತಂತಿಯ ತುದಿ ಕಿಲುಬು ಹಿಡಿದರೆ ಅಲ್ಲಿಗೆ ಪ್ರಯಾಣ ಮುಗಿಯಿತು.

ಇದಕ್ಕೆ ಕಂಡುಕೊಂಡ ಪರಿಹಾರವೇ ಫ್ಲೈವೀಲ್ ಮ್ಯಾಗ್ನೆಟೊ. ಚಕ್ರದ ಒಳಮೈಯಲ್ಲಿ ಅಯಸ್ಕಾಂತ ಕೂರಿಸಿ, ಅದು ತಂತಿ ಸುತ್ತಿದ ಕಾಯಿಲ್‌ನ ಪಕ್ಕದಲ್ಲಿ ಹಾಯುವಂತೆ ಮಾಡಿದರೆ ಚಕ್ರ ತಿರುಗಿದಾಗಲೆಲ್ಲ ವಿದ್ಯುತ್ತು ಹುಟ್ಟುತ್ತದೆ. ಪಾಯಿಂಟ್ ಎನ್ನುವ ಜೋಡಿ ಲೋಹದ ಚುಕ್ಕೆಗಳು ಸರಿಯಾದ ಗಳಿಗೆಯಲ್ಲಿ ಬೇರ್ಪಟ್ಟಾಗ ಆ ವಿದ್ಯುತ್ತು ಸಾವಿರಾರು ವೋಲ್ಟಿಗೆ ಏರಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಬ್ಯಾಟರಿಯ ಹಂಗು ಹರಿಯಿತು. ಆದರೆ ಅದರ ಜಾಗದಲ್ಲಿ ಇನ್ನೊಂದು ಹಂಗು ಬಂದು ಕೂತಿತು. ಮ್ಯಾಗ್ನೆಟೊದ ಕಿಡಿಯ ಬಲ ಚಕ್ರದ ವೇಗವನ್ನು ಅವಲಂಬಿಸಿರುವುದರಿಂದ ನಿಧಾನವಾಗಿ ತಿರುಗಿಸಿದರೆ ಕಿಡಿಯೇ ಬರುವುದಿಲ್ಲ. ಚಕ್ರದ ಮೇಲಿನ ರಾಟೆಗೆ ಹಗ್ಗ ಸುತ್ತಿ ತೋಳಿನ ಪೂರ್ತಿ ಬಲದಿಂದ ಎಳೆಯುವ, ಇಂದಿಗೂ ಔಟ್‌ಬೋರ್ಡಿನ ಗುರುತೆನಿಸಿರುವ ಆ ಭಂಗಿ ಅನಿವಾರ್ಯವಾದದ್ದು ಹೀಗೆ.

ಬ್ಯಾಟರಿಯೋ ಮ್ಯಾಗ್ನೆಟೊವೋ ಎಂಬ ತಕರಾರು 1920ರ ದಶಕದ ಮಾರುಕಟ್ಟೆಯಲ್ಲಿ ಬಹಿರಂಗವಾಗಿಯೇ ನಡೆಯಿತು. ತನ್ನ ಹೆಸರಿನ ಕಂಪನಿಯನ್ನು ಪಾಲುದಾರನಿಗೆ ಬಿಟ್ಟುಕೊಟ್ಟು ಹೊರಬಂದಿದ್ದ ಎವಿನ್‌ರೂಡ್ 1921ರಲ್ಲಿ ಎಲ್ಟೊ ಎಂಬ ಹೊಸ ಹೆಸರಿನಲ್ಲಿ, ಅಲ್ಯೂಮಿನಿಯಂ ಬಳಸಿ ಹಗುರಗೊಳಿಸಿದ ಜೋಡಿ ಸಿಲಿಂಡರಿನ ಎಂಜಿನ್ ತಂದ. ಅದರಲ್ಲಿ ಆತ ಮತ್ತೆ ಬ್ಯಾಟರಿಯನ್ನೇ ಇಟ್ಟುಕೊಂಡ. ಚಕ್ರವನ್ನು ಕಾಲು ಸುತ್ತು ತಿರುಗಿಸಿದರೂ ಕಿಡಿ ಬರುವುದರಿಂದ ತೋಳ್ಬಲ ಇಲ್ಲದವರೂ ಇದನ್ನು ಹೊತ್ತಿಸಬಹುದೆಂಬುದು ಅದರ ಹೆಗ್ಗಳಿಕೆಯಾಗಿತ್ತು. ಅದೇ ಹೊತ್ತಿಗೆ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಜಾನ್ಸನ್ ಸಹೋದರರು 35 ಪೌಂಡ್, ಸುಮಾರು 16 ಕಿಲೋ, ತೂಗುವ ಎರಡು ಅಶ್ವಶಕ್ತಿಯ ಎಂಜಿನ್ನನ್ನು ಮ್ಯಾಗ್ನೆಟೊ ಸಮೇತ ಮಾರುಕಟ್ಟೆಗೆ ಬಿಟ್ಟರು. ಕೊನೆಗೆ ಗೆದ್ದದ್ದು ಮ್ಯಾಗ್ನೆಟೊ. ಎಲ್ಟೊ ಸುಲಭವಾಗಿ ಹೊತ್ತುತ್ತಿದ್ದುದು ನಿಜವಾದರೂ, ದಡದಿಂದ ದೂರದಲ್ಲಿ ಬ್ಯಾಟರಿ ಸತ್ತಾಗ ಆ ಸುಲಭಕ್ಕೆ ಬೆಲೆಯಿರಲಿಲ್ಲ. ರಟ್ಟೆ ನೋಯಿಸಿಕೊಂಡಾದರೂ ದಡ ಸೇರುವ ಯಂತ್ರವೇ ಲೇಸೆಂದು ಕೊಳ್ಳುವವರು ತೀರ್ಮಾನಿಸಿದಂತೆ ತೋರುತ್ತದೆ.

ಹೊತ್ತಿಕೊಳ್ಳದ ಎಂಜಿನ್ನುಗಳಿಂದಲೇ ಒಂದು ದೊಡ್ಡ ಕಂಪನಿ ಹುಟ್ಟಿದ್ದೂ ಉಂಟು. 1939ರ ಜನವರಿಯಲ್ಲಿ ಕಾರ್ಲ್ ಕೀಕ್‌ಹೇಫರ್ ಎಂಬ ಎಂಜಿನಿಯರ್ ವಿಸ್ಕಾನ್ಸಿನ್‌ನ ಸೀಡರ್‌ಬರ್ಗ್‌ನಲ್ಲಿ ದಿವಾಳಿಯ ಅಂಚಿನ ಕಾರ್ಖಾನೆಯೊಂದನ್ನು ಕೊಂಡಾಗ, ಸರಿಯಾಗಿ ಚಾಲೂ ಆಗುವುದಿಲ್ಲವೆಂದು ಅಂಚೆ ಮೂಲಕ ಸರಕು ಮಾರುವ ಮಂಟ್‌ಗಮರಿ ವಾರ್ಡ್ ಕಂಪನಿ ತಿರಸ್ಕರಿಸಿದ್ದ 300ಕ್ಕೂ ಹೆಚ್ಚು ಥಾರ್ ಎಂಜಿನ್ನುಗಳು ಅಲ್ಲಿ ಬಿದ್ದಿದ್ದವು. ಔಟ್‌ಬೋರ್ಡ್ ತಯಾರಿಸುವ ಇರಾದೆ ಆತನಿಗೆ ಇರಲಿಲ್ಲ; ಕೈಯಲ್ಲಿ ಕಾಸು ಬೇಕಿತ್ತಷ್ಟೇ. ಆ ಎಂಜಿನ್ನುಗಳನ್ನು ಬಿಚ್ಚಿ, ದೋಷ ತಿದ್ದಿ, ಮರಳಿ ಜೋಡಿಸಿ ಕಳಿಸಿದ ಮೇಲೆ ಅದೇ ಕಂಪನಿ ಇನ್ನಷ್ಟು ಬೇಕೆಂದು ಕೇಳಿತು. ಮರುವರ್ಷ ಆತ ತನ್ನ ಸ್ವಂತ ವಿನ್ಯಾಸವನ್ನು ಮರ್ಕ್ಯುರಿ ಎಂಬ ಹೆಸರಿನಿಂದ ನ್ಯೂಯಾರ್ಕಿನ ದೋಣಿ ಪ್ರದರ್ಶನಕ್ಕೆ ತಂದ.

ಎರಡನೇ ಮಹಾಯುದ್ಧದ ನಂತರದ ಎಂಜಿನ್ನುಗಳಲ್ಲಿ ಕಿಡಿಯ ಸಮಸ್ಯೆ ಪೂರ್ತಿ ಹೋಗಲಿಲ್ಲ, ರೂಪ ಬದಲಿಸಿತು. ಪಾಯಿಂಟುಗಳ ನಡುವಿನ ಸಂದು ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಎಂಜಿನ್ ಒಂದು ಚಳಿಗಾಲ ಸುಮ್ಮನೆ ಕೂತರೆ ಆ ಚುಕ್ಕೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕಟ್ಟಿ ವಿದ್ಯುತ್ತು ಹರಿಯುವುದು ನಿಂತುಹೋಗುತ್ತದೆ. 1950ರ ದಶಕದ ಜಾನ್ಸನ್ ಮತ್ತು ಎವಿನ್‌ರೂಡ್ ಎಂಜಿನ್ನುಗಳ ಕಾಯಿಲ್ ಹೊದಿಕೆ ವರ್ಷ ಕಳೆದಂತೆ ಬಿರುಕುಬಿಟ್ಟು, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪಕ್ಕದ ಲೋಹಕ್ಕೆ ಸೋರುವುದನ್ನು ಹಳೆಯ ಯಂತ್ರ ಸಂಗ್ರಹಿಸುವವರೆಲ್ಲ ಬಲ್ಲರು. 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆ ಹರಡಿದಂತೆ ಪಾಯಿಂಟುಗಳು ಮರೆಯಾದವು; ಆದರೆ ಉಪ್ಪುಕಾಗದದಿಂದ ಉಜ್ಜಿ ಸರಿಪಡಿಸಬಹುದಾಗಿದ್ದ ದೋಷ, ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನೇ ಬದಲಿಸಬೇಕಾದ ದೋಷವಾಯಿತು.

ಇಂಧನದ ಕಡೆಯ ತೊಂದರೆಗಳು ಟು-ಸ್ಟ್ರೋಕ್ ಎಂಬ ಎಂಜಿನ್ ಜಾತಿಯ ಹುಟ್ಟುಗುಣ. ಈ ಜಾತಿಯ ಹಳೆಯ ಎಂಜಿನ್ನಿನಲ್ಲಿ ಆಯಿಲ್ ತುಂಬಲು ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಆ ಮಿಶ್ರಣ ಎಂಜಿನ್ನಿನ ತಳಕೋಣೆಯ ಮೂಲಕ ಹಾದು ಸಿಲಿಂಡರಿಗೆ ಏರಬೇಕು. ಹಿಂದೆ 24 ಪಾಲು ಪೆಟ್ರೋಲಿಗೆ ಒಂದು ಪಾಲು ಬೆರೆಸುತ್ತಿದ್ದುದು 1960ರ ದಶಕದಲ್ಲಿ 50ಕ್ಕೆ ಒಂದರಷ್ಟು ಇಳಿಯಿತು. ಆಯಿಲ್ ಹೆಚ್ಚಾದರೆ ಪ್ಲಗ್ ಮಸಿ ಹಿಡಿಯುತ್ತದೆ, ಚೋಕ್ ಎಳೆದಿಟ್ಟೇ ಹಗ್ಗ ಜಗ್ಗಿದರೆ ಪ್ಲಗ್ ಒದ್ದೆಯಾಗುತ್ತದೆ, ಮಿಶ್ರಣ ತಿಂಗಳುಗಟ್ಟಲೆ ಕಾರ್ಬ್ಯುರೇಟರಿನಲ್ಲಿ ನಿಂತರೆ ಅಂಟಾಗಿ ಸೂಜಿರಂಧ್ರಗಳನ್ನು ಮುಚ್ಚುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಟು-ಸ್ಟ್ರೋಕ್ ಬೈಕುಗಳನ್ನು ಓಡಿಸಿದ ತಲೆಮಾರಿಗೆ, ಪ್ಲಗ್ ಬಿಚ್ಚಿ ಒರೆಸಿ ಮರಳಿ ಹಾಕುವ ಈ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಕರ್ನಾಟಕದ ಕರಾವಳಿಯಲ್ಲಿ ಈ ಯಂತ್ರ ವಿಹಾರದ ಸಾಧನವಾಗಿ ಬರಲಿಲ್ಲ. ರಂಪಣಿ, ಅಂದರೆ ದಡದಿಂದ ನೂರಾರು ಜನ ಸೇರಿ ಎಳೆಯುತ್ತಿದ್ದ ಭಾರಿ ಬಲೆ, 1970ರ ದಶಕದಲ್ಲಿ ಬಂದ, ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳ ಪೈಪೋಟಿಗೆ ಸೋತು ಹಿಂದೆ ಸರಿದ ನಂತರ, ಸಾಂಪ್ರದಾಯಿಕ ಮೀನುಗಾರರು ತಮ್ಮ ನಾಡದೋಣಿಗಳಿಗೆ ಔಟ್‌ಬೋರ್ಡ್ ಕಟ್ಟಿಕೊಂಡು ಕಡಲಿನಲ್ಲಿ ಉಳಿದುಕೊಂಡರು. ಅವರ ಎಂಜಿನ್ ಸೀಮೆಎಣ್ಣೆಯದು. ಸೀಮೆಎಣ್ಣೆ ತಣ್ಣಗಿನ ಎಂಜಿನ್ನಿನಲ್ಲಿ ಬೇಗ ಆವಿಯಾಗದ ಕಾರಣ ಮೊದಲು ಪೆಟ್ರೋಲಿನಲ್ಲಿ ಹೊತ್ತಿಸಿ, ಕಾವು ಬಂದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಬದಲಿಸಬೇಕು. ನಿಲ್ಲಿಸುವ ಮುನ್ನ ಮತ್ತೆ ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡಿಸದೆ ಹೋದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದು ಮರುದಿನ ಎಷ್ಟು ಹಗ್ಗ ಎಳೆದರೂ ಎಂಜಿನ್ ಮಿಸುಕುವುದಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದ್ದು, 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಕಡಲಿಗಿಳಿಯಲು ಅವಕಾಶವಿರುವುದರಿಂದ, ಇವರ ದುಡಿಮೆಯ ಕಾಲ ಮಳೆಗಾಲವೇ. ಅಳಿವೆಯ ಬಾಯಿಯಲ್ಲಿ, ಎಂದರೆ ಹೊಳೆ ಕಡಲಿಗೆ ಸೇರುವಲ್ಲಿ, ತೆರೆಗಳು ಮುರಿಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಅಮೆರಿಕದ ಸರೋವರದಲ್ಲಿ ರಜೆಯನ್ನು ಕೆಡಿಸುತ್ತಿದ್ದ ದೋಷ ಇಲ್ಲಿ ಜೀವಕ್ಕೆ ಸಂಚಕಾರ.

ಸಬ್ಸಿಡಿ ಸೀಮೆಎಣ್ಣೆಯ ಹಂಚಿಕೆ ಕ್ಷೀಣಿಸಿದಂತೆ, ಎಂಜಿನ್ನುಗಳನ್ನು ಪೆಟ್ರೋಲ್ ಅಥವಾ ಡೀಸೆಲ್‌ಗೆ ಬದಲಿಸಿಕೊಳ್ಳಲು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತು. ಆದರೆ ಇಂದಿನ ಬಂಕಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತಿದ್ದು, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿ ನೀರು ಸೇರಿದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಉಪ್ಪುಗಾಳಿಯಲ್ಲಿ ವರ್ಷವಿಡೀ ನಿಲ್ಲುವ ಹಳೆಯ ಎಂಜಿನ್ನನ್ನು ಬಿಚ್ಚುವವನು ಈಗ ಕಿಡಿಯನ್ನು ನೋಡುವ ಮುನ್ನವೇ ಟ್ಯಾಂಕಿನ ತಳದ ನೀರನ್ನು ನೋಡಬೇಕಾಗಿದೆ.