ಆಡಮ್ಸ್ ಪತ್ರ ಮತ್ತು ಮೂರು ಸಮಪಾಲಿನ ಲೆಕ್ಕ

ಅಮೆರಿಕದ ಹೈಸ್ಕೂಲುಗಳಲ್ಲಿ ಅಮೆರಿಕನ್ ಕ್ರಾಂತಿಯ ಪಾಠದ ಜೊತೆಗೆ ಕೊಡುವ ಅಸೈನ್‌ಮೆಂಟುಗಳಲ್ಲಿ ಒಂದು ಲೆಕ್ಕ ತಲೆಮಾರುಗಳಿಂದ ಕದಲದೆ ಕೂತಿದೆ. ವಸಾಹತುಗಳ ಜನರಲ್ಲಿ ಮೂರನೇ ಒಂದು ಪಾಲು ಸ್ವಾತಂತ್ರ್ಯದ ಪರ, ಮೂರನೇ ಒಂದು ಪಾಲು ದೊರೆಯ ಪರ, ಉಳಿದವರು ಯಾವ ಕಡೆಗೂ ಸೇರದವರು ಎನ್ನುವುದು ಆ ಲೆಕ್ಕ. ಇದಕ್ಕೆ ಸಾಕ್ಷಿಯಾಗಿ ಹೆಸರಿಸುವುದು ಜಾನ್ ಆಡಮ್ಸ್‌ನನ್ನು. ಕ್ರಾಂತಿಯ ನಡುವೆಯೇ ಇದ್ದು, ಮುಂದೆ ಎರಡನೇ ಅಧ್ಯಕ್ಷನಾದವನ ಮಾತಿಗಿಂತ ದೊಡ್ಡ ಆಧಾರ ಬೇಕೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆಡಮ್ಸ್ ಹಾಗೆ ಹೇಳಿಯೇ ಇಲ್ಲ.

ಈ ತಪ್ಪು ಓದಿನ ಮೂಲ ಹುಡುಕಿದವರು ಸಾಮಾನ್ಯವಾಗಿ ಬೆರಳು ತೋರಿಸುವುದು ಸಿಡ್ನಿ ಜಾರ್ಜ್ ಫಿಶರ್ ಅವರ ಕಡೆಗೆ. ಫಿಲಡೆಲ್ಫಿಯಾದ ಈ ವಕೀಲರು 1908ರಲ್ಲಿ ಅಮೆರಿಕದ ಸ್ವಾತಂತ್ರ್ಯ ಸಮರದ ಬಗ್ಗೆ ಬರೆದ ಪುಸ್ತಕದಲ್ಲಿ ಆಡಮ್ಸ್‌ನ ಒಂದು ಪತ್ರವನ್ನು ಕ್ರಾಂತಿಕಾಲದ ಜನಾಭಿಪ್ರಾಯದ ಸಾಕ್ಷಿಯನ್ನಾಗಿ ನಿಲ್ಲಿಸಿದರು. ಇತಿಹಾಸಕಾರ ಜಾರ್ಜ್ ಬ್ಯಾಂಕ್ರಾಫ್ಟ್ ಕಟ್ಟಿದ್ದ, ಇಡೀ ಜನತೆ ಒಂದೇ ಮನಸ್ಸಿನಿಂದ ಎದ್ದು ನಿಂತ ಚಿತ್ರವನ್ನು ಒಡೆಯುವುದು ಅವರ ಉದ್ದೇಶವಾಗಿತ್ತು. ಉದ್ದೇಶ ಒಳ್ಳೆಯದೇ, ರಾಜನಿಷ್ಠರನ್ನು ಇತಿಹಾಸದೊಳಕ್ಕೆ ಮರಳಿ ಕರೆತಂದ ಶ್ರೇಯಸ್ಸು ಫಿಶರ್ ಅವರಿಗೂ ಸಲ್ಲಬೇಕು. ಆದರೆ ಕೈಗೆತ್ತಿಕೊಂಡ ಪತ್ರ ಆ ಕೆಲಸಕ್ಕೆ ಬರುವಂಥದ್ದಲ್ಲ.

ಪತ್ರ 1815ರ ಜನವರಿಯದು. ಆಗ ಆಡಮ್ಸ್‌ಗೆ 79 ವರ್ಷ. ಬರೆದದ್ದು ಮ್ಯಾಸಚೂಸೆಟ್ಸ್‌ನ ಮಾಜಿ ಸೆನೆಟರ್ ಜೇಮ್ಸ್ ಲಾಯ್ಡ್‌ಗೆ. ಆ ತಿಂಗಳುಗಳಲ್ಲಿ ಲಾಯ್ಡ್‌ಗೆ ಬರೆದ ಪತ್ರಗಳಲ್ಲಿ ಆಡಮ್ಸ್ ತನ್ನ ಅಧ್ಯಕ್ಷಗಿರಿಯನ್ನು ಸಮರ್ಥಿಸಿಕೊಳ್ಳುತ್ತಿದ್ದ. 1798ರಿಂದ ಫ್ರಾನ್ಸಿನ ಜೊತೆ ಸಮುದ್ರದ ಮೇಲೆ ನಡೆದ ಅಘೋಷಿತ ಯುದ್ಧವನ್ನು, ಸ್ವಂತ ಪಕ್ಷದವರೇ ತಿರುಗಿಬಿದ್ದರೂ, 1800ರಲ್ಲಿ ಒಪ್ಪಂದದಿಂದ ಮುಗಿಸಿದ್ದನ್ನು ತನ್ನ ಬಾಳಿನ ದೊಡ್ಡ ಕೆಲಸವೆಂದು ಆತ ನಂಬಿದ್ದ. ಫ್ರಾನ್ಸಿನೊಡನೆ ಶಾಂತಿಯ ಹೊಣೆ ಹೊತ್ತವನು ಇಲ್ಲಿ ಮಲಗಿದ್ದಾನೆ ಎಂದು ಗೋರಿಯ ಮೇಲೆ ಬರೆಸಬೇಕು ಎಂಬ ಆಸೆ ತೋಡಿಕೊಂಡದ್ದೂ ಲಾಯ್ಡ್‌ಗೇ, ಅದೇ ತಿಂಗಳು. ಮೂರು ಪಾಲಿನ ಮಾತು ಬರುವುದು ಈ ವಾದದ ನಡುವೆ.

ಅಲ್ಲಿ ಆಡಮ್ಸ್ ಲೆಕ್ಕ ಹಾಕುವ ರೀತಿ ಗಮನಿಸಬೇಕು. ಒಂದು ಪಾಲು ಕ್ರಾಂತಿಯನ್ನು ಒಲ್ಲದವರು. ಚಿಕ್ಕಂದಿನಿಂದ ಬೆಳೆಸಿಕೊಂಡ ಇಂಗ್ಲಿಷರ ಮೋಹದಿಂದಾಗಿ ಫ್ರೆಂಚರನ್ನು ಕಂಡರಾಗದವರು. ಎರಡನೇ ಪಾಲು ಇಂಗ್ಲಿಷರನ್ನು ದ್ವೇಷಿಸಿ, ಫ್ರಾನ್ಸಿನ ಋಣದ ನೆನಪಲ್ಲಿ ಮೈಮರೆತವರು. ನಡುವಿನ ಪಾಲು ಬಹುಮಟ್ಟಿಗೆ ರೈತರು, ಯುದ್ಧವೇ ಬೇಡವೆನ್ನುವವರು, ಇಂಗ್ಲೆಂಡ್ ಮತ್ತು ಫ್ರಾನ್ಸ್ ಎರಡರ ಬಗ್ಗೆಯೂ ಉತ್ಸಾಹವಿಲ್ಲದವರು. ಇದು ಅಮೆರಿಕದ ಕ್ರಾಂತಿ ಶುರುವಾದ ಕಾಲದ ಚಿತ್ರವಾಗಿರಲಾರದು: 1775ರಲ್ಲಿ ಫ್ರಾನ್ಸಿಗೆ ಋಣಿಯಾಗಿರಲು ಯಾವ ಅಮೆರಿಕನ್ನನಿಗೂ ಕಾರಣವಿರಲಿಲ್ಲ. 1763ರವರೆಗೆ ಫ್ರೆಂಚರು ಶತ್ರುಗಳು; ಮೈತ್ರಿ ಒಪ್ಪಂದ ಆದದ್ದು 1778ರಲ್ಲಿ. ಹೀಗಿರುವಾಗ ನಡುವಿನ ಪಾಲನ್ನು ಸ್ವಾತಂತ್ರ್ಯದ ವಿಷಯದಲ್ಲಿ ತಟಸ್ಥರು ಎಂದು ಓದುವುದು ಹೇಗೆ? ಅವರು ಬೇಡವೆಂದದ್ದು 1790ರ ದಶಕದ ಯುದ್ಧವನ್ನು.

ಇನ್ನೊಂದು ಸುಳಿವನ್ನು ಹೆಚ್ಚಿನವರು ದಾಟಿಕೊಂಡು ಹೋಗುತ್ತಾರೆ. ಈ ಲೆಕ್ಕಕ್ಕೆ ಆಡಮ್ಸ್ ಇಟ್ಟುಕೊಂಡ ಮಾದರಿ ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್‌ನದು. ಅದನ್ನು ಅವನೇ ಹೆಸರು ಹಿಡಿದು ಹೇಳುತ್ತಾನೆ. 1796ರಲ್ಲಿ ಬರ್ಕ್ ಬ್ರಿಟನ್ನಿನ ರಾಜಕೀಯ ಪ್ರಜ್ಞೆಯುಳ್ಳ ಜನ ಸುಮಾರು 4 ಲಕ್ಷ, ಅವರಲ್ಲಿ ಐದನೇ ಒಂದು ಪಾಲು, ಅಂದರೆ 80,000 ಮಂದಿ, ಜಾಕೊಬಿನರು ಎಂದು ಎಣಿಸಿದ್ದ. ಅದು ಫ್ರೆಂಚ್ ಕ್ರಾಂತಿಯ ಪರ ಇದ್ದವರ ಎಣಿಕೆ. ಆಡಮ್ಸ್‌ನ ಮನಸ್ಸು ಎತ್ತ ಇತ್ತು ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಪತ್ರದಲ್ಲಿ ಬೇರೆ ಇಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ನ್ಯಾಯವಾಗಿ ಉತ್ತರ ಕೊಡಬೇಕು. ಮೊದಲ ಪಾಲಿನವರು ಒಲ್ಲದ ಕ್ರಾಂತಿ ಅಮೆರಿಕದ್ದೇ ಇರಬಹುದಲ್ಲವೆ? ಇರಬಹುದು. 1813ರಲ್ಲಿ ಕ್ರಾಂತಿಕಾಲದ ಒಡನಾಡಿ ಥಾಮಸ್ ಮೆಕೀನ್‌ಗೆ ಬರೆದ ಪತ್ರದಲ್ಲಿ ಆಡಮ್ಸ್ ನೇರವಾಗಿ ಅಮೆರಿಕದ ಕ್ರಾಂತಿಯನ್ನೇ ಕುರಿತು, ಜನರಲ್ಲಿ ಮೂರನೇ ಎರಡು ಪಾಲು ನಮ್ಮ ಕಡೆ ಇದ್ದರು ಎಂದರೆ ಧಾರಾಳವಾಗಿ ಹೇಳಿದಂತಾಯಿತು ಎನ್ನುತ್ತಾನೆ. ವಿರೋಧಿಗಳು ಮೂರನೇ ಒಂದು ಪಾಲು ಎಂಬ ಅಂದಾಜಿಗೆ ಇಲ್ಲಿ ಬೆಂಬಲ ಸಿಗುತ್ತದೆ. ಆದರೆ ಹಾಗೆ ಓದಿದರೂ ಶಾಲೆಯ ಲೆಕ್ಕ ಉಳಿಯುವುದಿಲ್ಲ: ಕ್ರಾಂತಿಯ ಪರ ಇದ್ದವರು ಇಮ್ಮಡಿಯಾಗುತ್ತಾರೆ, ತಟಸ್ಥರ ಪಾಲು ಕಾಣದಂತಾಗುತ್ತದೆ. ಇತಿಹಾಸಕಾರ ಜಾನ್ ಆಲ್ಡನ್ 1954ರಲ್ಲೇ ಈ ತಪ್ಪನ್ನು ತೋರಿಸಿದ್ದರು. 1970ರ ದಶಕದಲ್ಲಿ ವಿಲಿಯಂ ಮರೀನಾ ಮತ್ತಷ್ಟು ವಿವರವಾಗಿ ತೋರಿಸಿದರು. ಆಮೇಲೂ ಸಮಪಾಲಿನ ಲೆಕ್ಕವನ್ನು ಅಚ್ಚು ಹಾಕಿದವರಿಗೆ ಗೊತ್ತಿರಲಿಲ್ಲ ಎಂಬ ನೆಪ ಸಲ್ಲದು.

ಸಂವಿಧಾನದ ಪಾಠದಲ್ಲೂ ಇಂಥದೊಂದು ಸಂಖ್ಯೆ ಇದೆ. ವಯಸ್ಕ ಗಂಡಸರಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚಿನವರ ಮತ ಅದರ ಅಂಗೀಕಾರಕ್ಕೆ ಸಿಕ್ಕಿರಲಾರದು ಎಂದು ಇತಿಹಾಸಕಾರ ಚಾರ್ಲ್ಸ್ ಬಿಯರ್ಡ್ 1913ರಲ್ಲಿ ಬರೆದರು. ಬಿಯರ್ಡ್ ಅವರದು ತಾವೇ ಕೂಡಿ ಕಳೆದು ಮಾಡಿದ ಅಂದಾಜು. ಹಾಗಾಗಿಯೇ 1956ರಲ್ಲಿ ರಾಬರ್ಟ್ ಬ್ರೌನ್ ಅವರಿಗೆ ಬಿಯರ್ಡ್ ವಾದವನ್ನು ಆಧಾರ ಆಧಾರವಾಗಿ ಬಿಡಿಸಿ ಪ್ರಶ್ನಿಸಲು ಸಾಧ್ಯವಾಯಿತು. ಆಡಮ್ಸ್‌ನ ಪಾಲುಗಳ ಹಿಂದೆ ಬಿಡಿಸಿ ನೋಡುವ ಲೆಕ್ಕವೇ ಇಲ್ಲ, ಮುದುಕನೊಬ್ಬನ ನೆನಪು ಮಾತ್ರ ಇದೆ.

ರಾಜನಿಷ್ಠರನ್ನು ನಿಜವಾಗಿ ಎಣಿಸಲು ಹೊರಟವರು ಬೇರೆ ದಾರಿ ಹಿಡಿದರು. ಇತಿಹಾಸಕಾರ ಪಾಲ್ ಸ್ಮಿತ್ 1968ರಲ್ಲಿ ಬ್ರಿಟಿಷರ ಪರ ಕಾದಿದ ಪ್ರಾಂತೀಯ ಪಡೆಗಳ ದಾಖಲೆಗಳಿಂದ ಶುರುಮಾಡಿದರು. ಅವುಗಳಲ್ಲಿ ಸುಮಾರು 19,000 ಮಂದಿ ಸೇವೆ ಸಲ್ಲಿಸಿದ್ದರು. ಅದರ ಮೇಲೆ ಕಟ್ಟಿದ ಅಂದಾಜಿನಲ್ಲಿ ರಾಜನಿಷ್ಠರು ಒಟ್ಟು ಜನಸಂಖ್ಯೆಯ ಶೇ. 16ರಷ್ಟು, ಬಿಳಿಯರಲ್ಲಿ ಶೇ. 19.8ರಷ್ಟು. ಬ್ರಿಟಿಷ್ ಸೇನೆ ಕಾಲಿಡದ ಊರುಗಳಲ್ಲಿ ಬಾಯಿಮುಚ್ಚಿ ಕೂತಿದ್ದವರನ್ನು ಈ ವಿಧಾನದಿಂದ ಹಿಡಿಯುವುದು ಕಷ್ಟ, ನಿಜ. ಆದರೂ ಲೆಕ್ಕ ಹೇಗೆ ಬಂತೆಂದು ಓದುಗನಿಗೆ ಗೊತ್ತಾಗುತ್ತದೆ. ಅಷ್ಟೇ ಮುಖ್ಯವಾಗಿ, ಎರಡು ಶೇಕಡಾವಾರುಗಳ ನಡುವಿನ ಅಂತರದಲ್ಲಿ ಗುಲಾಮರಾಗಿದ್ದ ಸುಮಾರು 5 ಲಕ್ಷ ಜನ ಕಾಣಿಸಿಕೊಳ್ಳುತ್ತಾರೆ. ಸಮಪಾಲಿನ ಲೆಕ್ಕದಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ಮೂಲ ದಾಖಲೆ ಓದುವುದು ಶಾಲೆಗಳಿಗೆ ಹೊಸದೇನಲ್ಲ. 1973ರಿಂದ ಅಮೆರಿಕದ ಹೈಸ್ಕೂಲ್ ಮಕ್ಕಳು ಇತಿಹಾಸದಲ್ಲಿ ಬರೆಯುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ದಾಖಲೆ ಆಧಾರಿತ ಪ್ರಶ್ನೆ ಇದೆ. ಮಕ್ಕಳು ಮೂಲ ಬರಹಗಳನ್ನು ಓದಿಯೇ ಉತ್ತರ ಬರೆಯಬೇಕು. ಇತಿಹಾಸ ಕಲಿಕೆಯ ಸಂಶೋಧಕ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಇತಿಹಾಸಕಾರರು, ಎಂಟು ಹೈಸ್ಕೂಲ್ ವಿದ್ಯಾರ್ಥಿಗಳು ಲೆಕ್ಸಿಂಗ್ಟನ್ ಕದನದ ದಾಖಲೆಗಳನ್ನು ಓದಿದ್ದರು. ಬರೆದವರು ಯಾರು, ಯಾವಾಗ ಎಂದು ಇತಿಹಾಸಕಾರರು ಮೊದಲು ನೋಡುತ್ತಿದ್ದರು. ಹೆಚ್ಚಿನ ವಿದ್ಯಾರ್ಥಿಗಳು ಮೊದಲ ಸಾಲಿನಿಂದ ನೇರ ಓದಿಕೊಂಡು ಹೋಗುತ್ತಿದ್ದರು. ಲಾಯ್ಡ್ ಪತ್ರದಿಂದ ಒಂದು ವಾಕ್ಯ ಕತ್ತರಿಸಿ, ತಾರೀಖು ತೆಗೆದು, ಹಾಳೆಯ ಮೇಲೆ ಅಂಟಿಸಿ ಕೊಟ್ಟರೆ ನೋಡಬೇಕೆಂದರೂ ಮಕ್ಕಳಿಗೆ ನೋಡಲು ಏನೂ ಉಳಿದಿರುವುದಿಲ್ಲ.

ತರಗತಿಗೆ ನಿಜವಾಗಿ ಒದಗುವುದು ಮೆಕೀನ್ ಪತ್ರ. ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾದಲ್ಲಿ ಜನ ಹೆಚ್ಚುಕಡಿಮೆ ಸಮನಾಗಿ ಒಡೆದಿದ್ದರು. ಒಂದು ಕಡೆ ನ್ಯೂ ಇಂಗ್ಲೆಂಡ್, ಇನ್ನೊಂದು ಕಡೆ ವರ್ಜೀನಿಯಾ ಅವರನ್ನು ಹೆದರಿಕೆಯಲ್ಲಿ ಇಡದಿದ್ದರೆ ಬ್ರಿಟಿಷರ ಜೊತೆ ಸೇರಿಬಿಡುತ್ತಿದ್ದರು ಎಂದು ಆಡಮ್ಸ್ ಅಲ್ಲಿ ಹೇಳುತ್ತಾನೆ. ಈ ಮಾತನ್ನು ಸ್ಮಿತ್ ಅವರ ಅಂದಾಜಿನ ಪಕ್ಕದಲ್ಲಿಟ್ಟು, ಒಂದೊಂದು ಪ್ರಾಂತ್ಯಕ್ಕೂ ಬೇರೆ ಬೇರೆಯಾಗಿ ಉತ್ತರ ಕೇಳಬಹುದು: ಅಲ್ಲಿ ಸೇನೆ ಯಾರದಿತ್ತು, ಎಷ್ಟು ಕಾಲ ಇತ್ತು, ನಿಷ್ಠೆಯ ಪ್ರಮಾಣವನ್ನು ಜನರಿಂದ ಬರೆಸಿಕೊಂಡವರು ಯಾರು.