ಬಿಗ್ ಈಸ್ಟ್‌ಗೆ ಯಾರು ಸೇರಬೇಕು?

ಬಿಗ್ ಈಸ್ಟ್ ಕಾನ್ಫರೆನ್ಸ್ ಹುಟ್ಟಿದ್ದು 1979ರ ಮೇ ತಿಂಗಳಲ್ಲಿ. ಅಮೆರಿಕದ ಈಶಾನ್ಯ ಭಾಗದ ಏಳು ಕಾಲೇಜುಗಳು ಬ್ಯಾಸ್ಕೆಟ್‌ಬಾಲ್‌ಗೆಂದೇ ಕಟ್ಟಿಕೊಂಡ ಕೂಟ ಅದು. ಅಂದಿನಿಂದ ಇಂದಿನವರೆಗಿನ ಅದರ ಚರಿತ್ರೆ ಬಹುಪಾಲು ಒಂದೇ ಜಗಳದ ಚರಿತ್ರೆ: ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಬಾಗಿಲಲ್ಲೇ ನಿಲ್ಲಿಸಬೇಕು. ಮತ ಹಾಕುವವರು ವಿಶ್ವವಿದ್ಯಾಲಯಗಳ ಅಧ್ಯಕ್ಷರು. ವಾದ ಮಾಡುವವರು ಅಭಿಮಾನಿಗಳು. ಹೊಸ ಕಾಲೇಜಿನ ಹೆಸರು ಕೇಳಿಬಂದಾಗಲೆಲ್ಲ ಅವರು ಸಂಬಂಧ ಕುದುರಿಸುವ ಮನೆಯ ಹಿರಿಯರಂತೆ ಮನೆತನ, ಆಸ್ತಿ, ದಾರಿಯ ದೂರ ಎಲ್ಲವನ್ನೂ ವಿಚಾರಿಸುತ್ತಾರೆ. ನಲವತ್ತೈದು ವರ್ಷಗಳಲ್ಲಿ ಆ ವಿಚಾರಣೆಯ ಅಳತೆಗೋಲು ಮೂರು ಬಾರಿಯಾದರೂ ಬದಲಾಗಿದೆ.

ಅಭಿಮಾನಿಗಳಿಗೆ ಇದರಲ್ಲಿ ಇಷ್ಟೊಂದು ಆಸಕ್ತಿ ಏಕೆಂಬುದಕ್ಕೆ ಆಟದ ವ್ಯವಸ್ಥೆಯಲ್ಲೇ ಕಾರಣವಿದೆ. ಕಾನ್ಫರೆನ್ಸ್ ಸೇರಿದ ತಂಡ ಋತುವಿನ ಹೆಚ್ಚಿನ ಪಂದ್ಯಗಳನ್ನು ಅದರೊಳಗಿನ ತಂಡಗಳ ಜೊತೆಗೇ ಆಡುತ್ತದೆ. ಕಾನ್ಫರೆನ್ಸ್ ಚಾಂಪಿಯನ್ನರಿಗೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಮಾರ್ಚ್ ತಿಂಗಳಲ್ಲಿ ನಡೆಸುವ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಮಿಕ್ಕವರು ಆಯ್ಕೆ ಸಮಿತಿಯ ಕರೆಗೆ ಕಾಯಬೇಕು. ಎಷ್ಟು ಗೆದ್ದರು ಎಂಬುದರ ಜೊತೆಗೆ ಯಾರನ್ನು ಸೋಲಿಸಿದರು ಎಂಬುದನ್ನೂ ಸಮಿತಿ ನೋಡುತ್ತದೆ. ಆದ್ದರಿಂದ ದುರ್ಬಲ ತಂಡವೊಂದು ಒಳಗೆ ಬಂದರೆ ಎಲ್ಲರ ಗೆಲುವಿನ ಬೆಲೆಯೂ ಇಳಿಯುತ್ತದೆ. ಹಣದ ಲೆಕ್ಕವೂ ಇದಕ್ಕೆ ಹೆಣೆದುಕೊಂಡಿದೆ. ರಾಷ್ಟ್ರೀಯ ಟೂರ್ನಿಯಲ್ಲಿ ತಂಡ ಆಡುವ ಪಂದ್ಯಗಳಿಗೆ ‘ಯೂನಿಟ್’ ಲೆಕ್ಕದಲ್ಲಿ ಆರು ವರ್ಷ ಕಂತುಕಂತಾಗಿ ಬರುವ ಹಣ ಸೇರುವುದು ಕಾನ್ಫರೆನ್ಸಿನ ಖಜಾನೆಗೆ. ಜನವರಿಯಲ್ಲಿ ಶಪಿಸಿದ ಎದುರಾಳಿಗೆ ಮಾರ್ಚ್‌ನಲ್ಲಿ ಜೈಕಾರ ಹಾಕಬೇಕಾದ ಅಭಿಮಾನಿಯ ಸಂಕಟಕ್ಕೆ ಮೂಲ ಇದೇ.

1970ರ ದಶಕದವರೆಗೆ ಈಶಾನ್ಯದ ಪ್ರಬಲ ಕಾಲೇಜುಗಳು ಬಿಡಿಬಿಡಿಯಾಗಿ, ಇಲ್ಲವೇ ಸಡಿಲವಾದ ಪ್ರಾದೇಶಿಕ ಗುಂಪುಗಳಲ್ಲಿ ಆಡುತ್ತಿದ್ದವು. ಒಂದು ಕಾನ್ಫರೆನ್ಸಿನಿಂದ ಒಂದಕ್ಕಿಂತ ಹೆಚ್ಚು ತಂಡಗಳನ್ನು ರಾಷ್ಟ್ರೀಯ ಟೂರ್ನಿಗೆ ಕರೆಯುವ ಪದ್ಧತಿ ಶುರುವಾದದ್ದು 1975ರಲ್ಲಿ. ಎರಡೇ ತಂಡಗಳೆಂಬ ಮಿತಿಯೂ 1980ರಲ್ಲಿ ಹೋಯಿತು. ಬಲಿಷ್ಠರ ಜೊತೆ ಒಂದೇ ಸೂರಿನಡಿ ಇರುವುದು ಇನ್ನು ಮುಂದೆ ಲಾಭವೇ ಹೊರತು ನಷ್ಟವಲ್ಲ ಎಂಬುದನ್ನು ಬೇಗ ಗ್ರಹಿಸಿದವರು ಡೇವ್ ಗ್ಯಾವಿಟ್. ಪ್ರಾವಿಡೆನ್ಸ್ ಕಾಲೇಜಿನ ಕೋಚ್ ಆಗಿ 1973ರಲ್ಲಿ ತಂಡವನ್ನು ರಾಷ್ಟ್ರೀಯ ಸೆಮಿಫೈನಲ್‌ವರೆಗೆ ಒಯ್ದಿದ್ದ ಅವರು ಅಲ್ಲಿನ ಕ್ರೀಡಾ ನಿರ್ದೇಶಕರೂ ಆಗಿದ್ದರು.

ಗ್ಯಾವಿಟ್ ಅವರ ಲೆಕ್ಕ ನಗರಗಳದ್ದು. ನ್ಯೂಯಾರ್ಕ್‌ಗೆ ಸೇಂಟ್ ಜಾನ್ಸ್, ವಾಷಿಂಗ್ಟನ್‌ಗೆ ಜಾರ್ಜ್‌ಟೌನ್, ಜೊತೆಗೆ ಸಿರಾಕ್ಯೂಸ್ ಮತ್ತು ಪ್ರಾವಿಡೆನ್ಸ್. ಈ ನಾಲ್ವರು ಸೇರಿ ಉಳಿದವರನ್ನು ಕರೆದರು. ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಬೇಡವೆಂದಾಗ ಸೀಟನ್ ಹಾಲ್ ಬಂತು. ಮ್ಯಾಸಚೂಸೆಟ್ಸ್‌ನ ವುಸ್ಟರ್ ನಗರದ ಹೋಲಿ ಕ್ರಾಸ್ ಒಪ್ಪಲಿಲ್ಲ. ಬಾಸ್ಟನ್ ಕಾಲೇಜ್ ಒಪ್ಪಿತು. ಕನೆಕ್ಟಿಕಟ್ ವಿಶ್ವವಿದ್ಯಾಲಯ, ಅಂದರೆ ಎಲ್ಲರ ಬಾಯಲ್ಲಿ ಯೂಕಾನ್, ಏಳನೆಯದು. ಮರುವರ್ಷವೇ ಫಿಲಡೆಲ್ಫಿಯಾ ಕಡೆಯಿಂದ ವಿಲನೋವಾ ಸೇರಿತು. ಹೋಲಿ ಕ್ರಾಸ್ 1947ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕಾಲೇಜು, ಬಾಬ್ ಕೂಸಿ ಆಡಿದ ತಂಡ. ಆದರೆ ಯೂಕಾನ್ ಇದ್ದದ್ದು ಸ್ಟಾರ್ಸ್ ಎಂಬ ಹಳ್ಳಿಯಂಥ ಊರಿನಲ್ಲಿ, ರಾಷ್ಟ್ರಮಟ್ಟದ ಹೆಸರಿಲ್ಲದೆ. ಅಂದು ಯಾವ ಅಭಿಮಾನಿಯನ್ನು ಕೇಳಿದ್ದರೂ ಹೋಲಿ ಕ್ರಾಸ್ ಕಡೆಗೇ ಕೈ ತೋರಿಸುತ್ತಿದ್ದ. ಮುಂದೆ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ಯೂಕಾನ್; ಹೋಲಿ ಕ್ರಾಸ್ ದೊಡ್ಡ ಆಟದಿಂದ ಹೆಚ್ಚುಕಡಿಮೆ ಮರೆಯಾಯಿತು. ತಂಡದ ಇಂದಿನ ಬಲ ನೋಡಿ ನಾಳಿನ ಯೋಗ್ಯತೆ ಅಳೆಯುವವರಿಗೆ ಇದಕ್ಕಿಂತ ಕಟುವಾದ ಉದಾಹರಣೆ ಬಿಗ್ ಈಸ್ಟ್ ಚರಿತ್ರೆಯಲ್ಲಿಲ್ಲ.

ಕಾಲವೂ ಕೂಡಿಬಂತು. ಯೂಕಾನ್‌ನ ರಾಜ್ಯದಲ್ಲೇ, ಬ್ರಿಸ್ಟಲ್ ಎಂಬ ಊರಿನಲ್ಲಿ, 1979ರ ಸೆಪ್ಟೆಂಬರ್ 7ರಂದು ಇಎಸ್‌ಪಿಎನ್ ವಾಹಿನಿ ಪ್ರಸಾರ ಆರಂಭಿಸಿತು. ದಿನದ ಇಪ್ಪತ್ನಾಲ್ಕು ಗಂಟೆ ತುಂಬಿಸಲು ಅದಕ್ಕೆ ಪಂದ್ಯಗಳು ಬೇಕಿದ್ದವು. ಬಿಗ್ ಈಸ್ಟ್ ಬಳಿ ದೊಡ್ಡ ನಗರಗಳ ಪಂದ್ಯಗಳಿದ್ದವು. 1983ರಿಂದ ಕಾನ್ಫರೆನ್ಸ್ ಟೂರ್ನಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಬಂದು ನೆಲೆನಿಂತಿತು. ಜಾರ್ಜ್‌ಟೌನ್‌ನ ಪ್ಯಾಟ್ರಿಕ್ ಯೂಯಿಂಗ್, ಸೇಂಟ್ ಜಾನ್ಸ್‌ನ ಕ್ರಿಸ್ ಮಲಿನ್, ಸಿರಾಕ್ಯೂಸ್‌ನ ಪರ್ಲ್ ವಾಷಿಂಗ್ಟನ್ ಮನೆಮಾತಾದರು. ಕೋಚ್‌ಗಳೂ ಅಷ್ಟೇ. ಸೇಂಟ್ ಜಾನ್ಸ್‌ನ ಲೂ ಕಾರ್ನೆಸೆಕಾ ಅದೃಷ್ಟದ್ದೆಂದು ತೊಡುತ್ತಿದ್ದ ಸ್ವೆಟರಿನಂಥದ್ದನ್ನೇ 1985ರ ಫೆಬ್ರುವರಿಯಲ್ಲಿ ಜಾರ್ಜ್‌ಟೌನ್‌ನ ಜಾನ್ ಥಾಂಪ್ಸನ್ ಕೋಟಿನೊಳಗೆ ತೊಟ್ಟು ಬಂದು ಪಂದ್ಯವನ್ನೂ ಗೆದ್ದರು. ಆ ವರ್ಷ ರಾಷ್ಟ್ರೀಯ ಸೆಮಿಫೈನಲ್ ತಲುಪಿದ ನಾಲ್ಕು ತಂಡಗಳಲ್ಲಿ ಮೂರು ಬಿಗ್ ಈಸ್ಟಿನವು. ಫೈನಲ್‌ನಲ್ಲಿ ವಿಲನೋವಾ ತನ್ನ 28 ಎಸೆತಗಳಲ್ಲಿ 22ನ್ನು ಬುಟ್ಟಿಗೆ ಹಾಕಿ ಜಾರ್ಜ್‌ಟೌನ್ ತಂಡವನ್ನು 66–64ರಿಂದ ಸೋಲಿಸಿತು. ಆರು ವರ್ಷದ ಕೂಸಿಗೆ ಇದು ದೊಡ್ಡ ಮರ್ಯಾದೆ.

ಆದರೆ ಮುಂದಿನ ಎಲ್ಲ ತಕರಾರಿನ ಬೀಜ ಅದಕ್ಕೂ ಮೊದಲೇ ಬಿದ್ದಿತ್ತು. ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಫುಟ್‌ಬಾಲ್‌ನಲ್ಲಿ ದೈತ್ಯ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಾಧಾರಣ. (ಇಲ್ಲಿ ಹೇಳುತ್ತಿರುವುದು ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಫುಟ್‌ಬಾಲ್.) 1982ರಲ್ಲಿ ಅದರ ಸೇರ್ಪಡೆ ಮತಕ್ಕೆ ಬಂದಾಗ ಎಂಟು ಸದಸ್ಯರಲ್ಲಿ ಆರು ಮತ ಬೇಕಿತ್ತು, ಸಿಕ್ಕಿದ್ದು ಐದು. ಬ್ಯಾಸ್ಕೆಟ್‌ಬಾಲ್ ಕೂಟಕ್ಕೆ ಫುಟ್‌ಬಾಲ್ ಕಾಲೇಜು ಏಕೆ ಎಂಬ ಅಂದಿನ ಪ್ರಶ್ನೆ ಅಸಂಬದ್ಧವೇನಲ್ಲ. ಎರಡೇ ವರ್ಷದಲ್ಲಿ, 1984ರಲ್ಲಿ, ಫುಟ್‌ಬಾಲ್ ಪ್ರಸಾರದ ಮೇಲೆ ಎನ್‌ಸಿಎಎಗೆ ಇದ್ದ ಏಕಸ್ವಾಮ್ಯವನ್ನು ಸುಪ್ರೀಂ ಕೋರ್ಟ್ ಮುರಿಯಿತು. ಅಂದಿನಿಂದ ಟಿವಿ ಹಣದ ದೊಡ್ಡ ಹೊಳೆ ಹರಿದದ್ದು ಫುಟ್‌ಬಾಲ್ ಕಡೆಗೆ. ಪೆನ್ ಸ್ಟೇಟ್ ಬಿಗ್ ಟೆನ್ ಕಾನ್ಫರೆನ್ಸಿನ ಪಾಲಾಯಿತು. ಆ ಒಂದು ಮತ ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದು ಈಶಾನ್ಯದ ಅಭಿಮಾನಿಗಳಿಗೆ ಇಂದಿಗೂ ಮುಗಿಯದ ಚರ್ಚೆ.

ಅಲ್ಲಿಂದ ಅಳತೆಗೋಲು ಬದಲಾಯಿತು. 1991ರಲ್ಲಿ ಬಿಗ್ ಈಸ್ಟ್ ತಾನೂ ಫುಟ್‌ಬಾಲ್ ಶುರುಮಾಡಿ ಫ್ಲಾರಿಡಾದ ಮಯಾಮಿ ವಿಶ್ವವಿದ್ಯಾಲಯವನ್ನು ಕರೆತಂದಿತು. 1995ರಲ್ಲಿ ರಟ್ಗರ್ಸ್, ವೆಸ್ಟ್ ವರ್ಜೀನಿಯಾ ಪೂರ್ಣ ಸದಸ್ಯರಾದವು. ನೋಟರ್ ಡೇಮ್ ಫುಟ್‌ಬಾಲ್ ಒಂದನ್ನು ಹೊರಗಿಟ್ಟು ಉಳಿದ ಆಟಗಳಿಗೆ ಸೇರಿತು. ಫುಟ್‌ಬಾಲ್ ಆಡುವವರು, ಆಡದವರು ಎಂದು ಒಂದೇ ಮನೆಯಲ್ಲಿ ಎರಡು ಒಲೆ ಉರಿಯತೊಡಗಿದವು. 2003ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ (ಎಸಿಸಿ) ಸದಸ್ಯರನ್ನು ಸೆಳೆಯಲು ಬಂದಾಗ ಐದು ಸದಸ್ಯ ಕಾಲೇಜುಗಳು ಕೋರ್ಟಿಗೆ ಹೋದವು. ಅವುಗಳಲ್ಲಿ ಒಂದಾದ ವರ್ಜೀನಿಯಾ ಟೆಕ್‌ಗೆ ಅಷ್ಟರಲ್ಲಿ ಎಸಿಸಿಯಿಂದಲೇ ಕರೆ ಬಂತು. ದಾವೆ ಬಿಟ್ಟು ಅದೂ ಮಯಾಮಿಯ ಜೊತೆ ಹೊರಟಿತು. 2005ರಲ್ಲಿ ಬಾಸ್ಟನ್ ಕಾಲೇಜ್ ಹಿಂಬಾಲಿಸಿತು.

ಖಾಲಿಯಾದ ಜಾಗ ತುಂಬಲು 2005ರಲ್ಲಿ ಒಮ್ಮೆಗೇ ಐದು ಕಾಲೇಜುಗಳು ಬಂದವು. ಫುಟ್‌ಬಾಲ್‌ಗಾಗಿ ಲೂಯಿವಿಲ್, ಸಿನ್ಸಿನಾಟಿ, ಸೌತ್ ಫ್ಲಾರಿಡಾ. ಬ್ಯಾಸ್ಕೆಟ್‌ಬಾಲ್‌ಗಾಗಿ ಮಿಲ್ವಾಕಿಯ ಮಾರ್ಕೆಟ್, ಷಿಕಾಗೋದ ಡಿಪಾಲ್. ತಂಡಗಳು ಹದಿನಾರಾದವು. ಹಳೆಯ ಅಭಿಮಾನಿಗಳ ಆಕ್ಷೇಪ ಸರಿಯಾಗಿಯೇ ಇತ್ತು: ಇಷ್ಟು ತಂಡಗಳಿದ್ದರೆ ಪ್ರತಿ ಎದುರಾಳಿಯನ್ನೂ ಸ್ವಂತ ಅಂಗಳದಲ್ಲಿ ಪ್ರತಿವರ್ಷ ನೋಡುವ ಭಾಗ್ಯ ಇಲ್ಲ, ಹಗೆತನ ಮಾಗುವುದೇ ಹಾಗೆ ಮತ್ತೆಮತ್ತೆ ಎದುರಾದಾಗ. ಮೊದಲ ಮೂರು ವರ್ಷ ಗಾರ್ಡನ್ ಟೂರ್ನಿಗೆ ಹದಿನಾರರಲ್ಲಿ ಹನ್ನೆರಡು ತಂಡಗಳಿಗಷ್ಟೇ ಜಾಗವಿತ್ತು. ಆದರೂ ಆಟದ ಮಟ್ಟ ಹಿಂದೆಂದೂ ಅಷ್ಟು ಎತ್ತರದಲ್ಲಿರಲಿಲ್ಲ. 2009ರ ಮಾರ್ಚ್‌ನಲ್ಲಿ ಸಿರಾಕ್ಯೂಸ್ ಮತ್ತು ಯೂಕಾನ್ ಆರು ಹೆಚ್ಚುವರಿ ಅವಧಿ ಆಡಿದವು; ನಡುರಾತ್ರಿ ದಾಟಿದ ಮೇಲೆ ಸಿರಾಕ್ಯೂಸ್ 127–117ರಿಂದ ಗೆದ್ದಿತು. 2011ರಲ್ಲಿ ಹನ್ನೊಂದು ತಂಡಗಳಿಗೆ ರಾಷ್ಟ್ರೀಯ ಟೂರ್ನಿಯ ಕರೆ ಬಂದು ದಾಖಲೆಯಾಯಿತು. ಕಾನ್ಫರೆನ್ಸ್ ಟೂರ್ನಿಗೆ ಒಂಬತ್ತನೇ ಶ್ರೇಯಾಂಕದೊಡನೆ ಬಂದಿದ್ದ ಯೂಕಾನ್, ಕೆಂಬಾ ವಾಕರ್ ನೇತೃತ್ವದಲ್ಲಿ ಐದು ದಿನಗಳಲ್ಲಿ ಐದು ಪಂದ್ಯ ಗೆದ್ದು, ರಾಷ್ಟ್ರೀಯ ಪ್ರಶಸ್ತಿಯನ್ನೂ ಎತ್ತಿತು.

ಅದೇ ವರ್ಷ ಮನೆ ಕುಸಿಯಿತು. ಸೆಪ್ಟೆಂಬರ್ 16ರಂದು ಗ್ಯಾವಿಟ್ ತೀರಿಕೊಂಡರು. ಎರಡು ದಿನ ಕಳೆಯುವಷ್ಟರಲ್ಲಿ ಸಿರಾಕ್ಯೂಸ್ ಹಾಗೂ ಪಿಟ್ಸ್‌ಬರ್ಗ್ ಎಸಿಸಿಗೆ ಹೋಗುವ ಸುದ್ದಿ ಅಧಿಕೃತವಾಯಿತು. ಟೆಕ್ಸಸ್‌ನ ಟಿಸಿಯು ಸೇರಲು ಒಪ್ಪಿ, ಒಂದು ಪಂದ್ಯವನ್ನೂ ಆಡದೆ ಬಿಗ್ 12 ಕಾನ್ಫರೆನ್ಸ್ ಕಡೆ ಹೊರಳಿತು. ಫುಟ್‌ಬಾಲ್ ಉಳಿಸಿಕೊಳ್ಳುವ ಆತುರದಲ್ಲಿ ಐಡಾಹೋದ ಬಾಯ್ಸಿ ಸ್ಟೇಟ್, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಸ್ಟೇಟ್‌ಗೂ ಆಹ್ವಾನ ಹೋಯಿತು. ಪೆಸಿಫಿಕ್ ದಂಡೆಯ ಕಾಲೇಜಿಗೆ ‘ಈಸ್ಟ್’ ಹೆಸರು ಅಂಟಿಸುವುದನ್ನು ಕಂಡು ನಗದವರಿಲ್ಲ. ಆ ಎರಡೂ ಕೊನೆಗೆ ಬರಲಿಲ್ಲ.

2012ರ ಡಿಸೆಂಬರ್ 15ರಂದು ಫುಟ್‌ಬಾಲ್ ಹಂಗಿಲ್ಲದ ಏಳು ಕ್ಯಾಥೊಲಿಕ್ ಕಾಲೇಜುಗಳು ತಾವೇ ಹೊರನಡೆಯುವುದಾಗಿ ಘೋಷಿಸಿದವು: ಜಾರ್ಜ್‌ಟೌನ್, ಸೇಂಟ್ ಜಾನ್ಸ್, ಪ್ರಾವಿಡೆನ್ಸ್, ಸೀಟನ್ ಹಾಲ್, ವಿಲನೋವಾ, ಮಾರ್ಕೆಟ್, ಡಿಪಾಲ್. ಪಾಲು ಹಂಚಿಕೆಯಲ್ಲಿ ಹಣದ ಬಹುಭಾಗ ಉಳಿದವರಿಗೆ. ಬಿಗ್ ಈಸ್ಟ್ ಎಂಬ ಹೆಸರು ಮತ್ತು ಗಾರ್ಡನ್ ಟೂರ್ನಿ ಈ ಏಳಕ್ಕೆ. ಫಾಕ್ಸ್ ವಾಹಿನಿ ಹನ್ನೆರಡು ವರ್ಷಕ್ಕೆ ಸುಮಾರು 50 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಉಳಿದವರು ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್ ಎಂಬ ಹೊಸ ಹೆಸರಿನಡಿ ಸೇರಿದರು.

ಏಳರ ಜೊತೆಗೆ ಇನ್ನು ಯಾರು? ಈ ಬಾರಿ ಅಭಿಮಾನಿಗಳ ವಾದದಲ್ಲಿ ಮನೆತನದ ಮಾತು ಮುಂದೆ ಬಂತು: ಖಾಸಗಿ ಕಾಲೇಜು, ನಗರದ ನೆಲೆ, ಬ್ಯಾಸ್ಕೆಟ್‌ಬಾಲೇ ಮೊದಲ ಪ್ರೀತಿ. ಸಿನ್ಸಿನಾಟಿಯ ಝೇವಿಯರ್ ವಿಷಯದಲ್ಲಿ ತಕರಾರು ಕಡಿಮೆ. ಇಂಡಿಯಾನಾಪೊಲಿಸ್‌ನ ಬಟ್ಲರ್ ಕ್ಯಾಥೊಲಿಕ್ ಅಲ್ಲ; ಆದರೆ 2010 ಮತ್ತು 2011ರಲ್ಲಿ ಸತತವಾಗಿ ರಾಷ್ಟ್ರೀಯ ಫೈನಲ್ ಆಡಿತ್ತು, 1928ರ ಹಿಂಕಲ್ ಫೀಲ್ಡ್‌ಹೌಸ್‌ನಂಥ ಅಂಗಳವೂ ಇತ್ತು. ಒಮಾಹಾದ ಕ್ರೈಟನ್ ಜೆಸ್ಯೂಟ್ ಕಾಲೇಜೇ, ಪ್ರೇಕ್ಷಕರೂ ಅಪಾರ. ಆದರೆ ನೆಬ್ರಾಸ್ಕಾ ಪೂರ್ವವಾಗುವುದು ಹೇಗೆ? ಸೇಂಟ್ ಲೂಯಿಸ್ ಹಾಗೂ ಡೇಟನ್ ಹೆಸರುಗಳೂ ಬಹಳ ಓಡಾಡಿದವು. ಕೊನೆಗೆ ಬಂದವು ಬಟ್ಲರ್, ಕ್ರೈಟನ್, ಝೇವಿಯರ್. ಹತ್ತು ತಂಡವಾದುದರಿಂದ ಒಬ್ಬೊಬ್ಬರೂ ಉಳಿದ ಒಂಬತ್ತು ಎದುರಾಳಿಗಳನ್ನು ಎರಡೆರಡು ಬಾರಿ ಎದುರಿಸುವ 18 ಪಂದ್ಯಗಳ ಪಟ್ಟಿ ಸಾಧ್ಯವಾಯಿತು. ಹಳೆಯ ಅಭಿಮಾನಿಗಳು ಕಳೆದುಕೊಂಡಿದ್ದ ಮುಖ್ಯ ಸುಖ ಅದು.

ಕ್ರೈಟನ್ ಬಗೆಗಿನ ಅನುಮಾನ 2014ರ ಜನವರಿಯಲ್ಲೇ ಕರಗಿತು. ವಿಲನೋವಾದ ಮನೆಯಂಗಳ ಫಿಲಡೆಲ್ಫಿಯಾದಲ್ಲಿ ಅದು 21 ತ್ರೀ-ಪಾಯಿಂಟರ್ ಹಾಕಿ 96–68ರಿಂದ ಗೆದ್ದಿತು. ಆದರೆ ಮಾರ್ಚ್ ಟೂರ್ನಿಯಲ್ಲಿ ಹೊಸ ಬಿಗ್ ಈಸ್ಟಿನ ಒಂದು ತಂಡವೂ ಕೊನೆಯ ಹದಿನಾರು ತಲುಪಲಿಲ್ಲ. ವಿಲನೋವಾವನ್ನು ಹೊರದಬ್ಬಿದ್ದು ಯೂಕಾನ್. ಬೇರ್ಪಟ್ಟಾಗ ಹಿಂದೆ ಉಳಿದಿದ್ದ ಆ ತಂಡವೇ ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಆಯಿತು. ಹೊಸ ಕೂಟಕ್ಕೆ ಉಸಿರು ಬಂದದ್ದು 2016ರಲ್ಲಿ, ಕ್ರಿಸ್ ಜೆಂಕಿನ್ಸ್ ಕೊನೆಯ ಕ್ಷಣದಲ್ಲಿ ಎಸೆದ ಚೆಂಡಿನಿಂದ ವಿಲನೋವಾ ನಾರ್ತ್ ಕ್ಯಾರೊಲೈನಾವನ್ನು 77–74ರಿಂದ ಸೋಲಿಸಿ ಪ್ರಶಸ್ತಿ ಗೆದ್ದಾಗ. 2018ರಲ್ಲಿ ಅದು ಮತ್ತೆ ಗೆದ್ದಿತು.

2019ರ ಜೂನ್‌ನಲ್ಲಿ ಯೂಕಾನ್ ಹಿಂತಿರುಗುವ ಸುದ್ದಿ ಬಂದಾಗ ಅಭಿಮಾನಿಗಳು ಎರಡು ಹೋಳಾದರು. ಮೂಲ ಏಳರಲ್ಲಿ ಒಂದು, ಗಾರ್ಡನ್ ತುಂಬಿಸುವ ಜನ, ಪಕ್ಕದ ರಾಜ್ಯದ ಹಗೆ ಎಂದರು ಕೆಲವರು. ಅದು ಫುಟ್‌ಬಾಲ್ ಇರುವ ಸರ್ಕಾರಿ ವಿಶ್ವವಿದ್ಯಾಲಯ, ದೊಡ್ಡ ಕೂಟ ಕರೆದ ದಿನ ಗಂಟುಮೂಟೆ ಕಟ್ಟುತ್ತದೆ ಎಂದರು ಇನ್ನು ಕೆಲವರು. ಎರಡೂ ಮಾತು ನಿಜವಾದವು. ತಾನಿದ್ದ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್‌ಗೆ 1.7 ಕೋಟಿ ಡಾಲರ್ ತೆತ್ತು 2020ರ ಜುಲೈ 1ರಂದು ಬಂದ ಯೂಕಾನ್, 2023 ಮತ್ತು 2024ರಲ್ಲಿ ಬೆನ್ನುಬೆನ್ನಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2024ರಲ್ಲೇ ಬಿಗ್ 12 ಜೊತೆ ಅದರ ಸೇರ್ಪಡೆಯ ಮಾತುಕತೆಯೂ ನಡೆದು, ಸೆಪ್ಟೆಂಬರ್‌ನಲ್ಲಿ ನಿಂತಿತು.

ಯೂಕಾನ್ ಸೇರಿ ಆದ ಹನ್ನೊಂದು ತಂಡಕ್ಕೆ 20 ಪಂದ್ಯಗಳ ಪಟ್ಟಿ ಹೊಂದುತ್ತದೆ. ಹನ್ನೆರಡಾದರೆ 22 ಆಡಬೇಕು, ಇಲ್ಲವೇ ಎಲ್ಲರೂ ಎಲ್ಲರನ್ನೂ ಎರಡು ಬಾರಿ ಎದುರಿಸುವ ಪದ್ಧತಿ ಬಿಡಬೇಕು. ಆದ್ದರಿಂದ ಹನ್ನೆರಡನೆಯ ಸ್ಥಾನದ ಚರ್ಚೆಯಲ್ಲಿ ಬೆಲೆ ಬರುತ್ತಿದ್ದುದು ತೂಕದ ಹೆಸರಿಗೆ ಮಾತ್ರ, ಮುಖ್ಯವಾಗಿ ಗೊನ್‌ಝಾಗಕ್ಕೆ. ಜೆಸ್ಯೂಟ್ ಕಾಲೇಜು, ಫುಟ್‌ಬಾಲ್ ಇಲ್ಲ, 2017 ಮತ್ತು 2021ರಲ್ಲಿ ರಾಷ್ಟ್ರೀಯ ಫೈನಲ್ ಆಡಿದ ತಂಡ: ಮನೆತನ, ಬಲ ಎರಡರಲ್ಲೂ ಕುಂದಿಲ್ಲ. ಅಡ್ಡಿ ದೂರದ್ದು. ಅದು ಇರುವುದು ವಾಷಿಂಗ್ಟನ್ ರಾಜ್ಯದ ಸ್ಪೊಕೇನ್‌ನಲ್ಲಿ. ಪ್ರಾವಿಡೆನ್ಸ್‌ನಿಂದ ಸುಮಾರು ನಾಲ್ಕು ಸಾವಿರ ಕಿಲೋಮೀಟರ್, ಗಡಿಯಾರದಲ್ಲಿ ಮೂರು ಗಂಟೆಯ ಅಂತರ. ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ವಿಶೇಷ ವಿಮಾನದಲ್ಲಿ ಹೋದೀತು; ವಾಲಿಬಾಲ್, ಸಾಕರ್ ಆಡುವ ವಿದ್ಯಾರ್ಥಿಗಳ ಪಾಡೇನು ಎಂಬ ಪ್ರಶ್ನೆಗೆ ಸೇರ್ಪಡೆಯ ಪರವಾದಿಗಳಲ್ಲಿ ಸರಿಯಾದ ಉತ್ತರವಿರಲಿಲ್ಲ. 2024ರ ಅಕ್ಟೋಬರ್ 1ರಂದು ಗೊನ್‌ಝಾಗ ತನ್ನ ನೆರೆಯ ಪ್ಯಾಕ್-12 ಕಾನ್ಫರೆನ್ಸ್ ಆಯ್ದುಕೊಂಡಿತು, 2026ರಿಂದ ಜಾರಿಯಾಗುವಂತೆ. ಬಿಗ್ ಈಸ್ಟ್ 2024ರ ಜೂನ್‌ನಲ್ಲೇ ಫಾಕ್ಸ್, ಎನ್‌ಬಿಸಿ, ಟಿಎನ್‌ಟಿ ಸಂಸ್ಥೆಗಳೊಂದಿಗೆ 2025–26ರಿಂದ ಆರು ವರ್ಷದ ಪ್ರಸಾರ ಒಪ್ಪಂದಕ್ಕೆ ಸಹಿ ಹಾಕಿತ್ತು, ಹನ್ನೊಂದು ತಂಡಗಳೊಂದಿಗೇ.